ಪುಟ್ಟ ಮಕ್ಕಳ ಜೊತೆ ಕ್ಯಾಬಿನ್ ಕ್ಯಾಂಪಿಂಗ್: ಬುಕ್ ಮಾಡುವುದರಿಂದ ವಾಪಸ್ ಬರುವವರೆಗೆ

ನಾವು ಮೊದಲ ಸಲ ಮಕ್ಕಳನ್ನು ಕರೆದುಕೊಂಡು ಕಾಡಂಚಿನ ಕ್ಯಾಬಿನ್‌ಗೆ (ಬಾಡಿಗೆಗೆ ಸಿಗುವ ಪುಟ್ಟ ಮನೆ) ಹೋದಾಗ ಮಗನಿಗೆ ಐದು ವರ್ಷ, ಮಗಳಿಗೆ ಎರಡು. ನೋಡಬೇಕಾದ ಜಾಗಗಳ ಉದ್ದನೆಯ ಪಟ್ಟಿ ನನ್ನ ಜೇಬಿನಲ್ಲಿತ್ತು. ಬೆಳಿಗ್ಗೆ ಹೊರಡೋಣ ಎಂದು ಬಾಗಿಲು ತೆಗೆದರೆ ಮಗಳು ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದಳು. ಅವಳ ಮುಂದೆ ಒಂದು ಇರುವೆ ತನಗಿಂತ ದೊಡ್ಡದಾದ ಚಿಟ್ಟೆ ರೆಕ್ಕೆಯ ಚೂರನ್ನು ಎಳೆಯುತ್ತಿತ್ತು. ಮೆಟ್ಟಿಲ ಅಂಚಿಗೆ ಬಂದು ರೆಕ್ಕೆ ಸಮೇತ ಬೀಳುತ್ತಿತ್ತು, ಮತ್ತೆ ಹತ್ತುತ್ತಿತ್ತು. ಮಗಳು ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ನಾನು ಅವಳನ್ನು ಎತ್ತಿಕೊಂಡು ಹೋಗಿ ಕಾರಿನಲ್ಲಿ ಕೂರಿಸಿದೆ. ಆವತ್ತಿನ ಅಳು ಸಂಜೆಯವರೆಗೂ ನಿಲ್ಲಲಿಲ್ಲ. ಮಧ್ಯಾಹ್ನದ ನಿದ್ದೆ ತಪ್ಪಿತು, ಊಟ ಸೇರಲಿಲ್ಲ, ರಾತ್ರಿ ಯಾರಿಗೂ ನಿದ್ದೆಯಿಲ್ಲ. ಮಾರನೇ ದಿನ ಪಟ್ಟಿ ಮಡಚಿಟ್ಟು ಕ್ಯಾಬಿನ್ ಸುತ್ತಮುತ್ತಲೇ ಇದ್ದೆವು. ಮಕ್ಕಳು ಈಗಲೂ ನೆನೆಸಿಕೊಳ್ಳುವುದು ಆ ಎರಡನೇ ದಿನವನ್ನೇ.

ಅಲ್ಲಿಂದಾಚೆ ನಾವು ಪ್ರವಾಸವನ್ನು ಮಗುವಿನ ದಿನದ ಅಳತೆಗೆ ಹೊಲಿಯುವುದನ್ನು ಕಲಿತೆವು. ಮೊದಲು ಮಗುವಿನ ಊಟ, ನಿದ್ದೆ, ಆಟದ ಹೊತ್ತು. ನೋಡುವ ಜಾಗಗಳು ಆಮೇಲೆ, ಹೊತ್ತು ಉಳಿದರೆ. ಮುಂದೆ ಬರೆದಿರುವುದೆಲ್ಲ ಈ ಲೆಕ್ಕದ ಮೇಲೇ ನಿಂತಿದೆ.

ಟೆಂಟ್ ಬಿಟ್ಟು ಕ್ಯಾಬಿನ್ ಯಾಕೆ? ತಲೆ ಮೇಲೆ ಗಟ್ಟಿ ಸೂರು ಇರುತ್ತದೆ, ಚಿಲಕ ಹಾಕುವ ಬಾಗಿಲು ಇರುತ್ತದೆ. ಮಳೆ ಬಂದರೆ ಮಕ್ಕಳನ್ನು ಒಳಗೆ ಕರೆದರಾಯಿತು. ಟೆಂಟ್ ಕಟ್ಟುವ, ಬಿಚ್ಚುವ ಕೆಲಸಕ್ಕೆ ದೊಡ್ಡವರಿಬ್ಬರೂ ಸಿಕ್ಕಿಹಾಕಿಕೊಂಡು ಮಕ್ಕಳ ಮೇಲೆ ಕಣ್ಣಿಡುವವರೇ ಇಲ್ಲ ಅನ್ನುವ ಪರಿಸ್ಥಿತಿ ಬರುವುದಿಲ್ಲ. ಬಾಗಿಲಾಚೆ ಕಾಲಿಟ್ಟರೆ ಅದೇ ಮರ, ಅದೇ ಮಣ್ಣು, ಅದೇ ನಕ್ಷತ್ರ.

ಹಂತ 1: ಎಷ್ಟು ದಿನ, ಎಷ್ಟು ದೂರ

ಎರಡು ರಾತ್ರಿ ಇಟ್ಟುಕೊಳ್ಳಿ. ಹೊಸ ಜಾಗದಲ್ಲಿ ಮೊದಲ ರಾತ್ರಿ ಪುಟ್ಟ ಮಕ್ಕಳು ಸರಿಯಾಗಿ ಮಲಗುವುದು ಕಡಿಮೆ. ಒಂದೇ ರಾತ್ರಿಗೆ ಹೋದರೆ ಅಷ್ಟೆಲ್ಲ ಕಟ್ಟಿಕೊಂಡು ಹೋಗಿ ಬರೀ ನಿದ್ದೆಗೆಟ್ಟು ಬಂದಂತಾಗುತ್ತದೆ. ಎರಡನೇ ರಾತ್ರಿ ಮಗು ಜಾಗಕ್ಕೆ ಒಗ್ಗಿಕೊಂಡಿರುತ್ತದೆ.

ಮೊದಲ ಪ್ರವಾಸಕ್ಕೆ ಎರಡು, ಹೆಚ್ಚೆಂದರೆ ಮೂರು ಗಂಟೆಯ ದಾರಿ ಸಾಕು. ಹತ್ತಿರದ ಜಾಗದ ಇನ್ನೊಂದು ಅನುಕೂಲ ಏನೆಂದರೆ, ಮಗುವಿಗೆ ಜ್ವರ ಬಂದರೆ ಅರ್ಧರಾತ್ರಿಯಲ್ಲೂ ವಾಪಸ್ ಹೊರಡಬಹುದು. ಆ ಧೈರ್ಯ ಇದ್ದರೆ ಅಪ್ಪ ಅಮ್ಮನಿಗೂ ನೆಮ್ಮದಿ.

ವಯಸ್ಸಿನ ವಿಷಯಕ್ಕೆ ಬಂದರೆ, ಇನ್ನೂ ಅಂಬೆಗಾಲಿಡದ ಕೂಸನ್ನು ಕರೆದುಕೊಂಡು ಹೋಗುವುದು ಅಂದುಕೊಂಡಷ್ಟು ಕಷ್ಟವಲ್ಲ. ಇಟ್ಟಲ್ಲಿ ಇರುತ್ತದೆ. ಅಂಬೆಗಾಲಿಡಲು ಶುರುಮಾಡಿದಾಗಿನಿಂದ ಮೂರು ವರ್ಷದವರೆಗೆ ಒಬ್ಬರು ದೊಡ್ಡವರು ಸದಾ ಮಗುವಿನ ಹಿಂದೆಯೇ ಇರಬೇಕು. ಆ ವಯಸ್ಸಿನ ಮಗು ಇದ್ದರೆ ಇನ್ನೊಂದು ಕುಟುಂಬವನ್ನೋ ಅಜ್ಜ ಅಜ್ಜಿಯನ್ನೋ ಜೊತೆಗೆ ಕರೆದುಕೊಳ್ಳಿ. ನಾಲ್ಕು ದಾಟಿದವರು ಕೆಲಸಕ್ಕೂ ಕೈಜೋಡಿಸುತ್ತಾರೆ.

ಹಂತ 2: ಬುಕ್ ಮಾಡುವ ಮುಂಚೆ ಫೋನ್ ಮಾಡಿ ಕೇಳಿ

ಫೋಟೋ ನೋಡಿ ಬುಕ್ ಮಾಡಬೇಡಿ. ಫೋಟೋದಲ್ಲಿ ಹಾಸಿಗೆ, ಕಿಟಕಿ, ಸೂರ್ಯಾಸ್ತ ಇರುತ್ತದೆ. ಟಾಯ್ಲೆಟ್ ಎಷ್ಟು ದೂರ ಅನ್ನುವುದು ಇರುವುದಿಲ್ಲ. ಹತ್ತು ನಿಮಿಷ ಮಾತಾಡಿದರೆ ಎಷ್ಟೋ ತೊಂದರೆ ತಪ್ಪುತ್ತದೆ.

ನನ್ನ ಮೊದಲ ಪ್ರಶ್ನೆ ಯಾವಾಗಲೂ ಟಾಯ್ಲೆಟ್ ಬಗ್ಗೆಯೇ. ಒಳಗಿದೆಯಾ, ಹೊರಗಿದೆಯಾ? ಹೊರಗಿದ್ದರೆ ಎಷ್ಟು ಹೆಜ್ಜೆ, ದಾರಿಯಲ್ಲಿ ದೀಪ ಇದೆಯಾ? ಆಮೇಲೆ ನೀರು: ನಲ್ಲಿಯ ನೀರು ಕುಡಿಯಬಹುದಾ, ಬಿಸಿನೀರು ಬರುತ್ತಾ?

ಮಲಗುವ ವ್ಯವಸ್ಥೆಯನ್ನು ಬಿಡಿಸಿ ಕೇಳಿ. ಕ್ಯಾಬಿನ್‌ಗಳಲ್ಲಿ ಒಂದರ ಮೇಲೊಂದು ಇರುವ ಬಂಕ್ ಮಂಚ ಜಾಸ್ತಿ. ಆರು ವರ್ಷದೊಳಗಿನ ಮಕ್ಕಳನ್ನು ಮೇಲಿನ ಮಂಚದಲ್ಲಿ ಮಲಗಿಸಬಾರದು, ಎಷ್ಟೇ ಹಟ ಮಾಡಲಿ. ಹಾಗಾಗಿ ಕೆಳಗೆ ಎಷ್ಟು ಜನ ಮಲಗಬಹುದು ಎಂದು ಲೆಕ್ಕ ಹಾಕಿಕೊಳ್ಳಿ. ಹೊದಿಕೆ, ದಿಂಬು ಅವರೇ ಕೊಡುತ್ತಾರಾ, ನಾವೇ ತರಬೇಕಾ ಎಂದೂ ಕೇಳಿ. ಬರೀ ಹಾಸಿಗೆ ಮಾತ್ರ ಇರುವ ಕ್ಯಾಬಿನ್‌ಗಳೂ ಬೇಕಾದಷ್ಟಿವೆ.

ಕೋಣೆ ಬೆಚ್ಚಗಿಡಲು ಏನಿದೆ? ಕಟ್ಟಿಗೆ ಒಲೆಯೋ ಗ್ಯಾಸ್ ಹೀಟರೋ ಇದ್ದರೆ ಅದರ ಸುತ್ತ ಮಕ್ಕಳು ಮುಟ್ಟದ ಹಾಗೆ ಜಾಲರಿ ಇದೆಯಾ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದೆಯಾ ಎಂದು ಕೇಳಿ. ಸರಿಯಾಗಿ ಉರಿಯದ ಒಲೆಯಿಂದ ಬರುವ ಈ ವಿಷಾನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಿದ್ದೆಯಲ್ಲಿರುವವರಿಗೆ ಗೊತ್ತೇ ಆಗುವುದಿಲ್ಲ. ಬ್ಯಾಟರಿಯಲ್ಲಿ ನಡೆಯುವ ಚಿಕ್ಕ ಅಲಾರಂ ಕೊಂಡಿಟ್ಟುಕೊಂಡರೆ ಪ್ರತಿ ಪ್ರವಾಸಕ್ಕೂ ಆಗುತ್ತದೆ. ನಾನು ಅದಿಲ್ಲದೆ ಹೊರಡುವುದಿಲ್ಲ.

ಇನ್ನು ಸುತ್ತಮುತ್ತ. ಕೆರೆ, ಹೊಳೆ, ಇಳಿಜಾರು, ರಸ್ತೆ ಬಾಗಿಲಿನಿಂದ ಎಷ್ಟು ದೂರ? ಜಗಲಿಗೆ ಕಂಬಿ ಇದೆಯಾ? ಕಂಬಿಗಳ ನಡುವಿನ ಸಂದು 10 ಸೆಂಟಿಮೀಟರ್‌ಗಿಂತ ಜಾಸ್ತಿ ಇದ್ದರೆ ಪುಟ್ಟ ಮಗು ನುಸುಳಬಹುದು. ಹೊಳೆ ದಡದಲ್ಲೇ ಇರುವ ಕ್ಯಾಬಿನ್ ಚಂದವೇ, ಆದರೆ ಎರಡು ವರ್ಷದ ಮಗು ಇದ್ದರೆ ನಾನು ಅದನ್ನು ಆರಿಸುವುದಿಲ್ಲ. ನೂರಿನ್ನೂರು ಮೀಟರ್ ದೂರದಲ್ಲಿದ್ದರೆ ಬೇಕೆಂದಾಗ ಕೈಹಿಡಿದುಕೊಂಡು ಹೋಗಬಹುದು, ಉಳಿದ ಹೊತ್ತು ನೆಮ್ಮದಿಯಾಗಿರಬಹುದು.

ಕೊನೆಗೆ ಮೊಬೈಲ್ ಸಿಗ್ನಲ್, ಹತ್ತಿರದ ಆಸ್ಪತ್ರೆ. ಆಸ್ಪತ್ರೆಯ ವಿಳಾಸ, ತುರ್ತು ನಂಬರ್ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಸಿಗ್ನಲ್ ಇಲ್ಲದ ಕಡೆ ಫೋನಿನಲ್ಲಿ ಹುಡುಕಲು ಆಗುವುದಿಲ್ಲವಲ್ಲ. ಎಲ್ಲಿಗೆ ಹೋಗುತ್ತಿದ್ದೀರಿ, ಯಾವತ್ತು ವಾಪಸ್ ಎಂದು ಮನೆಯವರೊಬ್ಬರಿಗೆ ಹೇಳಿ ಹೊರಡಿ.

ಹಂತ 3: ಮನೆಯಲ್ಲೇ ಒಂದು ರಾತ್ರಿ ಅಭ್ಯಾಸ

ಬಹಳ ಜನ ಬಿಟ್ಟುಬಿಡುವ ಹಂತ ಇದು. ನನ್ನ ಪ್ರಕಾರ ಇದರಷ್ಟು ಫಲ ಕೊಡುವ ತಯಾರಿ ಬೇರೊಂದಿಲ್ಲ.

ಹೊರಡುವ ವಾರ ಒಂದು ಸಂಜೆ ಮನೆಯ ದೀಪಗಳನ್ನೆಲ್ಲ ಆರಿಸಿ. ಟಾರ್ಚ್ ಬೆಳಕಿನಲ್ಲಿ ಊಟ ಮಾಡಿ. ಸ್ಲೀಪಿಂಗ್ ಬ್ಯಾಗ್ ಹಾಸಿ ಎಲ್ಲರೂ ಒಂದೇ ಕೋಣೆಯಲ್ಲಿ ಮಲಗಿ. ಮಗುವಿಗೆ ಸ್ಲೀಪಿಂಗ್ ಬ್ಯಾಗ್ ಜಿಪ್ ತೆಗೆಯಲು ಬರುತ್ತಾ, ಕತ್ತಲಲ್ಲಿ ಎದ್ದರೆ ಅಮ್ಮನನ್ನು ಕರೆಯುತ್ತಾ, ಸುಮ್ನೆ ಎದ್ದು ನಡೆಯುತ್ತಾ, ಎಲ್ಲ ಗೊತ್ತಾಗುತ್ತದೆ. ನನ್ನ ಮಗ ಜಿಪ್ ಪೂರ್ತಿ ಹಾಕಿದರೆ ಹೆದರುತ್ತಾನೆ ಎಂದು ನಮಗೆ ತಿಳಿದದ್ದು ಹೀಗೆಯೇ. ಅರ್ಧ ತೆರೆದಿಟ್ಟರೆ ಸುಖವಾಗಿ ಮಲಗುತ್ತಾನೆ. ಇದು ಕಾಡಿನಲ್ಲಿ ನಡುರಾತ್ರಿ ಗೊತ್ತಾಗಿದ್ದರೆ?

ಪಾಟಿ, ಅಂದರೆ ಮಕ್ಕಳು ಕೂರುವ ಪುಟ್ಟ ಟಾಯ್ಲೆಟ್, ಬಳಸುವ ಮಗುವಾದರೆ ಅದನ್ನು ಬಚ್ಚಲುಮನೆಯಿಂದ ಹೊರಗೆ ತಂದು ಬೇರೆ ಜಾಗದಲ್ಲಿಟ್ಟು ಕೂರಿಸಿ ನೋಡಿ. ಹೊಸ ಟಾಯ್ಲೆಟ್ ಕಂಡು ಮಕ್ಕಳು ಕಕ್ಕ ಕಟ್ಟಿಕೊಳ್ಳುವುದು ಸಾಮಾನ್ಯ. ಎರಡು ದಿನ ಹಾಗೇ ಇದ್ದರೆ ಹೊಟ್ಟೆನೋವು, ಕಿರಿಕಿರಿ. ಅದಕ್ಕೆ ಮನೆಯ ಪಾಟಿಯನ್ನೇ ಒಯ್ಯುವುದು ಒಳ್ಳೆಯದು. ಕಾರಿನಲ್ಲಿ ಅದಕ್ಕೊಂದು ಜಾಗ ಮಾಡಿ.

ಹಂತ 4: ಗಂಟು ಕಟ್ಟುವುದು

ಎಲ್ಲ ಬಟ್ಟೆ ಒಂದರಲ್ಲಿ, ಎಲ್ಲ ಆಟಿಕೆ ಇನ್ನೊಂದರಲ್ಲಿ ಎಂದು ಕಟ್ಟಬೇಡಿ. ಯಾವಾಗ ಬೇಕಾಗುತ್ತದೋ ಆ ಲೆಕ್ಕದಲ್ಲಿ ಕಟ್ಟಿ. ನಾವು "ಮೊದಲ ಗಂಟೆಯ ಬ್ಯಾಗ್" ಎಂದು ಒಂದನ್ನು ಬೇರೆಯೇ ಮಾಡುತ್ತೇವೆ. ಅದರಲ್ಲಿ ತಿನ್ನಲು ಏನಾದರೂ, ನೀರು, ಡೈಪರ್, ಒಂದೊಂದು ಜೊತೆ ಬಟ್ಟೆ, ಸೋಪು, ಟಾರ್ಚ್, ಮಗಳ ಮೊಲದ ಗೊಂಬೆ. ಕಾರಿನಲ್ಲಿ ಕೊನೆಗೆ ಇಟ್ಟು ಮೊದಲು ಇಳಿಸುವುದು ಇದನ್ನೇ.

ಬಟ್ಟೆ: ದಿನಕ್ಕೆ ಎರಡು ಜೊತೆ, ಮೇಲೊಂದು ಜೊತೆ. ಕಾಲುಚೀಲ ಮಾತ್ರ ಲೆಕ್ಕವಿಲ್ಲದಷ್ಟು ಹಾಕಿ. ಒಂದು ದಪ್ಪನೆಯ ಉಡುಪಿಗಿಂತ ಒಂದರ ಮೇಲೊಂದು ಹಾಕಬಹುದಾದ ಮೂರು ತೆಳು ಉಡುಪು ಮೇಲು. ಮಕ್ಕಳು ಓಡಿ ಬೆವರಿದಾಗ ಒಂದು ತೆಗೆಯಬಹುದು, ಕೂತಾಗ ಮತ್ತೆ ಹಾಕಬಹುದು. ಚಳಿ ಇರುವ ಕಡೆ ಮೈಗೆ ತಾಗುವ ಬಟ್ಟೆ ಹತ್ತಿಯದ್ದು ಬೇಡ. ಒದ್ದೆ ಹತ್ತಿ ಬೇಗ ಒಣಗುವುದಿಲ್ಲ, ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಉಣ್ಣೆ ಅಥವಾ ಬೇಗ ಒಣಗುವ ಸಿಂಥೆಟಿಕ್ ಒಳ್ಳೆಯದು.

ಹಾಸಿಗೆಯ ಹೊದಿಕೆಯನ್ನು ಒಗೆಯದೆ ತನ್ನಿ. ಮಗು ಹಿಂದಿನ ರಾತ್ರಿ ಹೊದ್ದು ಮಲಗಿದ್ದೇ ಇರಲಿ. ಮನೆಯ ವಾಸನೆ ಅದರಲ್ಲಿ ಉಳಿದಿರುತ್ತದೆ. ಹೊಸ ಜಾಗದಲ್ಲಿ ಮಗು ಅದರಲ್ಲಿ ಮುಖ ಹುದುಗಿಸುವುದನ್ನು ನೀವೇ ನೋಡುತ್ತೀರಿ.

ಔಷಧಿ ಡಬ್ಬ: ಡಿಜಿಟಲ್ ಥರ್ಮಾಮೀಟರ್, ಜ್ವರದ ಔಷಧಿ, ಓಆರ್‌ಎಸ್ ಪುಡಿ, ಬ್ಯಾಂಡೇಜ್, ಗಾಯ ತೊಳೆಯುವ ದ್ರವ, ತುದಿ ಚೂಪಾದ ಚಿಮಟ, ಮಗುವಿಗೆ ದಿನಾ ಕೊಡುವ ಔಷಧಿ ಇದ್ದರೆ ಅದು. ಜ್ವರದ ಔಷಧಿಯ ಪ್ರಮಾಣ ಮಗುವಿನ ತೂಕದ ಮೇಲೆ ನಿಂತಿರುತ್ತದೆ. ಡಾಕ್ಟರ್ ಹತ್ತಿರ ಕೇಳಿ ಡಬ್ಬದ ಮುಚ್ಚಳದ ಮೇಲೇ ಬರೆದು ಅಂಟಿಸಿ. ನಡುರಾತ್ರಿ, ಅರೆನಿದ್ದೆಯಲ್ಲಿ, ಲೆಕ್ಕ ಹಾಕುವಂತಾಗಬಾರದು.

ಪ್ರತಿ ಮಗುವಿಗೂ ತನ್ನದೇ ಟಾರ್ಚ್ ಕೊಡಿ. ಅದು ಕೈಯಲ್ಲಿದ್ದರೆ ಕತ್ತಲ ಭಯ ಅರ್ಧ ಇಳಿಯುತ್ತದೆ. ಕೊಳ್ಳುವಾಗ ಒಂದು ವಿಷಯ ನೋಡಿ. ನಾಣ್ಯದ ಹಾಗಿರುವ ಬಟನ್ ಬ್ಯಾಟರಿಯ ಟಾರ್ಚ್ ಬೇಡವೇ ಬೇಡ. ಆ ಬ್ಯಾಟರಿ ಮಗುವಿನ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ನುಂಗಿರಬಹುದು ಎಂಬ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಹೊರಡಿ.

ಆಟಿಕೆ ಕಡಿಮೆ ಇರಲಿ. ಒಂದು ಬಕೆಟ್, ಒಂದು ಸಣ್ಣ ಸಲಿಕೆ, ಭೂತಗನ್ನಡಿ, ಬಣ್ಣದ ಪೆನ್ಸಿಲ್, ಎರಡು ಕಥೆ ಪುಸ್ತಕ. ಇಷ್ಟು ಸಾಕು.

ಹಂತ 5: ದಾರಿ

ಮಗು ನಿದ್ದೆ ಮಾಡುವ ಹೊತ್ತಿಗೆ ಸರಿಯಾಗಿ ಹೊರಡಿ. ಕತ್ತಲಾಗುವುದಕ್ಕೆ ಕನಿಷ್ಠ ಮೂರು ಗಂಟೆ ಮುಂಚೆ ತಲುಪುವ ಹಾಗಿರಲಿ, ಹೊಸ ಜಾಗವನ್ನು ಮಕ್ಕಳು ಬೆಳಕಿನಲ್ಲೇ ಒಮ್ಮೆ ನೋಡಿರಬೇಕು. ಎರಡು ಗಂಟೆಗೊಮ್ಮೆ ನಿಲ್ಲಿಸಿ, ಕಾಲಾಡಿಸಲು ಬಿಡಿ. ಸೀಟ್ ಬೆಲ್ಟ್, ಚೈಲ್ಡ್ ಸೀಟ್ ವಿಷಯದಲ್ಲಿ ರಾಜಿ ಇಲ್ಲ.

ಬೆಟ್ಟದ ತಿರುವುಗಳಲ್ಲಿ ವಾಂತಿ ಬರುವ ಮಕ್ಕಳಿಗೆ ಹೊಟ್ಟೆ ತುಂಬ ತಿನ್ನಿಸಬೇಡಿ, ಪೂರ್ತಿ ಖಾಲಿಯೂ ಬಿಡಬೇಡಿ. ಪುಸ್ತಕ, ಫೋನ್ ಕೈಗೆ ಕೊಡಬೇಡಿ. ದೂರದ ಬೆಟ್ಟ ತೋರಿಸಿ, ಕಿಟಕಿ ಸ್ವಲ್ಪ ತೆಗೆಯಿರಿ.

ಹಂತ 6: ತಲುಪಿದ ಮೊದಲ ಗಂಟೆ

ಸಾಮಾನು ಇಳಿಸುವ ಅವಸರ ಬೇಡ. ಒಬ್ಬರು ಮಕ್ಕಳನ್ನು ಹೊರಗೆ ಆಡಿಸಲಿ, ಇನ್ನೊಬ್ಬರು ಒಳಗೆ ಹೋಗಿ ಮಂಡಿಯೂರಿ ಕೂತು ನೋಡಲಿ. ಹೌದು, ಮಂಡಿಯೂರಿ. ನಿಂತಾಗ ಕಾಣದ್ದು ಮಗುವಿನ ಎತ್ತರದಲ್ಲಿ ಕಾಣುತ್ತದೆ. ಮಂಚದಡಿ ಇಲಿ ಪಾಷಾಣ, ಸಿಂಕ್ ಕೆಳಗೆ ಫಿನಾಯಿಲ್, ಹೊರಚಾಚಿದ ಮೊಳೆ, ಸಡಿಲ ಪ್ಲಗ್. ಎತ್ತಿ ಮೇಲಿಡುವುದನ್ನು ಇಡಿ, ಮುಚ್ಚುವುದನ್ನು ಮುಚ್ಚಿ.

ಬಹಳ ದಿನ ಬೀಗ ಹಾಕಿದ್ದ ಕ್ಯಾಬಿನ್ ಆದರೆ ಇಲಿ ಹಿಕ್ಕೆ ಇರಬಹುದು. ಅದನ್ನು ಪೊರಕೆಯಿಂದ ಗುಡಿಸಬೇಡಿ. ಧೂಳೆದ್ದು ಉಸಿರಿನ ಜೊತೆ ಒಳಗೆ ಹೋದರೆ ಕಾಯಿಲೆ ಬರಬಹುದು. ಬಾಗಿಲು ಕಿಟಕಿ ತೆಗೆದು ಅರ್ಧ ಗಂಟೆ ಗಾಳಿಯಾಡಲು ಬಿಡಿ. ಆಮೇಲೆ ಕೈಗವಸು ಹಾಕಿಕೊಂಡು, ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ಹಿಕ್ಕೆಯ ಮೇಲೆ ಹಾಕಿ, ಐದು ನಿಮಿಷ ಬಿಟ್ಟು ಒದ್ದೆ ಕಾಗದದಲ್ಲಿ ಒರೆಸಿ ತೆಗೆಯಿರಿ. ಮಕ್ಕಳು ಅಲ್ಲಿಯವರೆಗೆ ಹೊರಗೇ ಇರಲಿ.

ಕಾರ್ಬನ್ ಮೊನಾಕ್ಸೈಡ್ ಅಲಾರಂ ಮಲಗುವ ಜಾಗದ ಹತ್ತಿರ ಇಡಿ. ಇದ್ದಿಲ ಒಲೆ, ಕ್ಯಾಂಪ್ ಸ್ಟವ್ ಯಾವುದನ್ನೂ ಕ್ಯಾಬಿನ್ ಒಳಗೆ ಹಚ್ಚಬೇಡಿ, ಚಳಿ ಎಷ್ಟೇ ಇರಲಿ, ಕಿಟಕಿ ತೆಗೆದಿರಲಿ. ಎಲ್ಲರಿಗೂ ಒಟ್ಟಿಗೆ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಮೊದಲು ಎಲ್ಲರೂ ಹೊರಗೆ ಬನ್ನಿ. ಆಮೇಲೆ ತುರ್ತು ನಂಬರ್‌ಗೆ ಫೋನ್.

ನಂತರ ಮಕ್ಕಳನ್ನು ಕರೆದುಕೊಂಡು ಕ್ಯಾಬಿನ್ ಸುತ್ತ ಒಂದು ಸುತ್ತು ಹಾಕಿ. ಎಲ್ಲಿಯವರೆಗೆ ಹೋಗಬಹುದು ಎಂದು ತೋರಿಸಿ. "ಜಾಸ್ತಿ ದೂರ ಹೋಗಬೇಡ" ಎಂದರೆ ನಾಲ್ಕು ವರ್ಷದ ಮಗುವಿಗೆ ಏನೂ ಅರ್ಥವಾಗುವುದಿಲ್ಲ. ನಾವು ನಾಲ್ಕು ಮೂಲೆಯ ಮರಗಳಿಗೆ ಕೆಂಪು ರಿಬ್ಬನ್ ಕಟ್ಟುತ್ತೇವೆ. ಕಟ್ಟಲು ಮಗನೇ ಕೈ ಕೊಡುತ್ತಾನೆ. ತಾನೇ ಕಟ್ಟಿದ ಗಡಿಯನ್ನು ತಾನೇ ಕಾಯುತ್ತಾನೆ, ತಂಗಿ ದಾಟಿದರೆ ಓಡಿಬಂದು ಹೇಳುತ್ತಾನೆ.

ಹಂತ 7: ಊಟ

ಮೊದಲ ಸಂಜೆಗೆ ಅಡುಗೆ ಇಟ್ಟುಕೊಳ್ಳಬೇಡಿ. ಮನೆಯಲ್ಲೇ ಮಾಡಿ ಡಬ್ಬದಲ್ಲಿ ಹಾಕಿ ಗಟ್ಟಿಯಾಗಿ ಫ್ರೀಜ್ ಮಾಡಿ ತನ್ನಿ. ದಾರಿಯುದ್ದಕ್ಕೂ ಕೂಲರ್ ಪೆಟ್ಟಿಗೆಯಲ್ಲಿ ಅದೇ ಮಂಜುಗಡ್ಡೆಯ ಕೆಲಸ ಮಾಡುತ್ತದೆ, ಸಂಜೆಗೆ ಕರಗಿರುತ್ತದೆ, ಚೆನ್ನಾಗಿ ಕುದಿಸಿದರೆ ಊಟ ರೆಡಿ.

ಕಾಡಿಗೆ ಬಂದೆವೆಂದು ಹೊಸ ರುಚಿ ಪ್ರಯೋಗ ಬೇಡ. ಮಗು ಮನೆಯಲ್ಲಿ ಇಷ್ಟಪಟ್ಟು ತಿನ್ನುವುದನ್ನೇ ಕೊಡಿ. ಜಾಗ ಹೊಸದು, ಹಾಸಿಗೆ ಹೊಸದು, ತಟ್ಟೆಯಲ್ಲಾದರೂ ಪರಿಚಯದ್ದು ಇರಲಿ. ಊಟದ ಹೊತ್ತೂ ಮನೆಯದ್ದೇ. ಹೊರಗೆ ಓಡಾಡುವ ಮಕ್ಕಳಿಗೆ ಹಸಿವು ಜಾಸ್ತಿ, ಹಾಗಾಗಿ ತಿಂಡಿ ಎರಡು ಪಟ್ಟು ತನ್ನಿ.

ಬೇಗ ಕೆಡುವ ಆಹಾರ ಕೂಲರ್‌ನಲ್ಲಿ 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ತಣ್ಣಗಿರಬೇಕು. ಹೊರಗಿಟ್ಟರೆ ಎರಡು ಗಂಟೆ, ಬಿಸಿಲು 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಆಮೇಲೆ ಅದನ್ನು ಮಕ್ಕಳಿಗೆ ಕೊಡಬೇಡಿ. ಕುಡಿಯುವ ಬಾಟಲಿಗಳನ್ನು ಬೇರೆ ಕೂಲರ್‌ನಲ್ಲಿಡಿ. ಮಕ್ಕಳು ನೀರಿಗೆಂದು ಐದು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದರೆ ಊಟದ ಪೆಟ್ಟಿಗೆಯ ತಂಪೆಲ್ಲ ಹೋಗುತ್ತದೆ.

ನೀರಿನ ಬಗ್ಗೆ ಅನುಮಾನವಿದ್ದರೆ ಕುದಿಸಿ. ಗುಳ್ಳೆಗಳು ಜೋರಾಗಿ ಏಳಲು ಶುರುವಾದ ಮೇಲೆ ಒಂದು ನಿಮಿಷ, ಸಮುದ್ರಮಟ್ಟದಿಂದ 2000 ಮೀಟರ್‌ಗಿಂತ ಎತ್ತರದಲ್ಲಿದ್ದರೆ ಮೂರು ನಿಮಿಷ. ಹಲ್ಲುಜ್ಜಲೂ ಅದೇ ನೀರು.

ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಒಂದು ಹನಿಯೂ ಬೇಡ. ಐದು ವರ್ಷದೊಳಗಿನವರಿಗೆ ಇಡೀ ಬೀಜಗಳು ಬೇಡ, ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳಿ ಕೊಡಿ. ಮಕ್ಕಳು ಓಡುತ್ತಾ ತಿನ್ನುವುದು ಇಂಥ ಜಾಗಗಳಲ್ಲೇ ಜಾಸ್ತಿ. "ಕೂತು ತಿನ್ನು" ಅನ್ನುವುದನ್ನು ಕಟ್ಟುನಿಟ್ಟಾಗಿ ಪಾಲಿಸಿ.

ಉಳಿದ ಊಟ, ಚೂರು, ಕಸ ರಾತ್ರಿ ಹೊರಗೆ ಬಿಡಬೇಡಿ, ಪ್ರಾಣಿಗಳು ಬರುತ್ತವೆ. ಎಲ್ಲಿಡಬೇಕು ಎಂದು ಅಲ್ಲಿಯವರನ್ನೇ ಕೇಳಿ, ಅದು ಜಾಗದಿಂದ ಜಾಗಕ್ಕೆ ಬೇರೆ.

ಹಂತ 8: ಹಗಲು

ದಿನಕ್ಕೆ ಒಂದೇ ಕಾರ್ಯಕ್ರಮ. ಅದೂ ಬೆಳಿಗ್ಗೆ, ತಿಂಡಿ ಆದ ಕೂಡಲೇ. ಮಧ್ಯಾಹ್ನ ನಿದ್ದೆ, ಸಂಜೆ ಕ್ಯಾಬಿನ್ ಅಂಗಳ.

ನಡಿಗೆಗೆ ಹೋದರೆ ಮಗುವಿನ ವೇಗದಲ್ಲಿ ನಡೆಯಿರಿ. ಮೂರು ವರ್ಷದ ಮಗುವಿನ ಜೊತೆ ಒಂದು ಕಿಲೋಮೀಟರ್‌ಗೆ ಒಂದು ಗಂಟೆ ಇಟ್ಟುಕೊಂಡರೆ ಯಾರಿಗೂ ಸಿಟ್ಟು ಬರುವುದಿಲ್ಲ. ಅರ್ಧ ದಾರಿಯಲ್ಲಿ ವಾಪಸ್ ಬರುವುದು ಸೋಲೇನಲ್ಲ. ಮಕ್ಕಳಿಗೆ ತಲುಪುವ ಜಾಗಕ್ಕಿಂತ ದಾರಿಯ ಕಲ್ಲು, ಬಿದ್ದ ಮರ, ಹುಳು ಇಷ್ಟ. ಹುಡುಕುವ ಆಟ ಕೊಡಿ: ಗರಗಸದ ಹಾಗಿರುವ ಎಲೆ, ಮೂರು ಬಣ್ಣದ ಕಲ್ಲು, ಯಾರೋ ತಿಂದುಬಿಟ್ಟ ಕಾಯಿ. ಗೊತ್ತಿಲ್ಲದ ಕಾಯಿ, ಅಣಬೆ ಬಾಯಿಗೆ ಹಾಕಬಾರದು ಎಂದು ಹೊರಡುವ ಮುಂಚೆ ಪ್ರತಿ ಸಲವೂ ಹೇಳಿ.

ದಾರಿ ತಪ್ಪಿದರೆ ಏನು ಮಾಡಬೇಕೆಂದು ಮೂರು ವರ್ಷ ದಾಟಿದ ಮಗುವಿಗೆ ಕಲಿಸಬಹುದು. 1981ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಪಾಲೊಮಾರ್ ಬೆಟ್ಟದಲ್ಲಿ ಕುಟುಂಬದ ಜೊತೆ ಕ್ಯಾಂಪಿಂಗ್‌ಗೆ ಹೋಗಿದ್ದ ಒಂಬತ್ತು ವರ್ಷದ ಹುಡುಗ ದಾರಿ ತಪ್ಪಿ ತೀರಿಕೊಂಡ. ಅವನನ್ನು ಹುಡುಕಲು ಹೋಗಿದ್ದವರಲ್ಲಿ ಕೆಲವರು ಸೇರಿ ಮಕ್ಕಳಿಗಾಗಿ ಒಂದು ಪಾಠ ಶುರುಮಾಡಿದರು. ಹೆಸರು 'ಹಗ್ ಎ ಟ್ರೀ', ಅಂದರೆ ಮರವನ್ನು ತಬ್ಬಿಕೋ. ಕಳೆದುಹೋದೆ ಅನಿಸಿದ ಕ್ಷಣ ನಡೆಯುವುದನ್ನು ನಿಲ್ಲಿಸು, ಹತ್ತಿರದ ಮರದ ಹತ್ತಿರ ಹೋಗಿ ತಬ್ಬಿಕೋ, ಅಲ್ಲೇ ಇರು. ಮಗು ಒಂದೇ ಕಡೆ ಇದ್ದರೆ ಹುಡುಕುವುದು ಬಹಳ ಸುಲಭ.

ನಾವು ಇದನ್ನು ಆಟದ ಹಾಗೆ ಕಲಿಸಿದೆವು. ಮಗ ಒಂದು ಮರ ಆರಿಸಿಕೊಂಡ, ಅದಕ್ಕೆ ಹೆಸರಿಟ್ಟ, ತಬ್ಬಿಕೊಂಡು ನಿಂತ. "ಅಪ್ಪ ಬೈತಾರೆ ಅಂತ ಬಚ್ಚಿಟ್ಕೋಬೇಡ. ಯಾರೂ ಬೈಯಲ್ಲ. ನಿನ್ನ ಹೆಸರು ಕೂಗಿದ್ರೆ ಜೋರಾಗಿ ಓ ಅನ್ನು," ಎಂದೆ. ಹೆದರಿದ ಮಕ್ಕಳು ಹುಡುಕುವವರಿಂದಲೇ ಅಡಗಿಕೊಳ್ಳುವುದುಂಟು. ಅದಕ್ಕೇ ಈ ಮಾತನ್ನು ಬಾಯಿಬಿಟ್ಟು ಹೇಳಬೇಕು. ಕುತ್ತಿಗೆಗೆ ದಾರ ಸುತ್ತಿಕೊಳ್ಳುವ ಅಪಾಯ ಇರುವುದರಿಂದ ಸೀಟಿಯನ್ನು ಅಂಗಿಗೆ ಪಿನ್ ಮಾಡಿ. ಮೂರು ಸಲ ಊದಿದರೆ ಸಹಾಯ ಬೇಕು ಎಂದರ್ಥ. ಹೊರಡುವಾಗ ಫೋನಿನಲ್ಲಿ ಮಗುವಿನ ಒಂದು ಫೋಟೋ ತೆಗೆಯಿರಿ, ಆವತ್ತು ಹಾಕಿದ ಬಟ್ಟೆ ಚಪ್ಪಲಿ ಕಾಣುವ ಹಾಗೆ.

ಸೊಳ್ಳೆ ಔಷಧಿಯನ್ನು ನಿಮ್ಮ ಅಂಗೈಗೆ ಹಾಕಿಕೊಂಡು ಮಗುವಿಗೆ ಹಚ್ಚಿ. ಮಗುವಿನ ಕೈಗೆ, ಕಣ್ಣು ಬಾಯಿಯ ಹತ್ತಿರ ಹಚ್ಚಬೇಡಿ. ಎರಡು ತಿಂಗಳೊಳಗಿನ ಕೂಸಿಗೆ ಯಾವುದೂ ಬೇಡ, ಪರದೆ ಸಾಕು. ನಿಂಬೆ ನೀಲಗಿರಿ ಎಣ್ಣೆಯದ್ದು ಮೂರು ವರ್ಷದೊಳಗಿನವರಿಗೆ ಬೇಡ. ಸನ್‌ಸ್ಕ್ರೀನ್ ಹಚ್ಚುವುದಿದ್ದರೆ ಮೊದಲು ಅದು, ಮೇಲೆ ಸೊಳ್ಳೆ ಔಷಧಿ. ಎಸ್‌ಪಿಎಫ್ 30 ಅಥವಾ ಹೆಚ್ಚಿನದು, ಎರಡು ಗಂಟೆಗೊಮ್ಮೆ. ಆರು ತಿಂಗಳೊಳಗಿನ ಕೂಸಿಗೆ ನೆರಳು ಮತ್ತು ಟೋಪಿಯೇ ಒಳ್ಳೆಯದು.

ಸಂಜೆ ಮೈ ತೊಳೆಸುವಾಗ ಉಣುಗು (ರಕ್ತ ಹೀರುವ ಟಿಕ್ ಹುಳು) ಕಚ್ಚಿಕೊಂಡಿದೆಯಾ ನೋಡಿ. ಕಿವಿ ಹಿಂದೆ, ಕೂದಲ ಬುಡ, ಕಂಕುಳು, ಹೊಕ್ಕುಳು, ತೊಡೆಸಂದು, ಮಂಡಿ ಹಿಂಭಾಗ. ಕಂಡರೆ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ ನೇರವಾಗಿ ಮೇಲಕ್ಕೆ ಎಳೆಯಿರಿ. ಎಣ್ಣೆ ಹಚ್ಚುವುದು, ಬೆಂಕಿಕಡ್ಡಿ ತಾಗಿಸುವುದು ಮಾಡಬೇಡಿ. ಆ ದಿನಾಂಕ ಬರೆದಿಟ್ಟು, ಮುಂದಿನ ವಾರಗಳಲ್ಲಿ ಜ್ವರ, ಗಂಧೆ ಬಂದರೆ ಡಾಕ್ಟರಿಗೆ ತಿಳಿಸಿ.

ಹಂತ 9: ನೀರು ಮತ್ತು ಬೆಂಕಿ

ಈ ಎರಡರ ಹತ್ತಿರ ಮಾತ್ರ ನಾನು ಸಲಿಗೆ ಕೊಡುವುದಿಲ್ಲ.

ಮುಳುಗುವ ಮಗು ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಸದ್ದಿಲ್ಲದೆ ಮುಳುಗುತ್ತದೆ. ಕೆಲವೇ ಸೆಂಟಿಮೀಟರ್ ನೀರು ಸಾಕು. ಹಾಗಾಗಿ ನೀರಿನ ಹತ್ತಿರ ಪುಟ್ಟ ಮಗು ಯಾವಾಗಲೂ ನಿಮ್ಮ ಕೈಗೆಟುಕುವಷ್ಟು ದೂರದಲ್ಲಿರಬೇಕು. ನಾಲ್ಕು ಜನ ದೊಡ್ಡವರಿದ್ದಾಗ ಅಪಾಯ ಇನ್ನೂ ಜಾಸ್ತಿ, ಇನ್ನೊಬ್ಬರು ನೋಡುತ್ತಿದ್ದಾರೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನಮ್ಮಲ್ಲಿ ಒಬ್ಬರು ಬಾಯಿಬಿಟ್ಟು "ಈಗ ನಾನು ನೋಡ್ಕೊಳ್ತೀನಿ" ಎನ್ನುತ್ತೇವೆ. ಅವರ ಕೈಯಲ್ಲಿ ಫೋನ್ ಇರುವುದಿಲ್ಲ. ಹದಿನೈದು ನಿಮಿಷಕ್ಕೆ ಸರದಿ ಬದಲು. ತೋಳಿಗೆ ಹಾಕುವ ಗಾಳಿ ಬುರುಡೆಗಳನ್ನು ನಂಬಬೇಡಿ, ಮಗುವಿನ ತೂಕಕ್ಕೆ ಸರಿಹೊಂದುವ ಲೈಫ್ ಜಾಕೆಟ್ ಹಾಕಿ.

ಬೆಂಕಿ ಹಾಕಲು ಅಲ್ಲಿ ಅನುಮತಿ ಇದ್ದರೆ ಮಾತ್ರ, ಗೊತ್ತುಮಾಡಿದ ಗುಂಡಿಯಲ್ಲೇ ಹಾಕಿ. ಸುತ್ತ ಒಂದು ಮೀಟರ್ ದೂರದಲ್ಲಿ ಕಲ್ಲಿಟ್ಟು ವೃತ್ತ ಮಾಡಿ. ವೃತ್ತದೊಳಗೆ ಮಕ್ಕಳ ಕಾಲು ಬರಬಾರದು, ಓಟ ಅಲ್ಲಿ ಇಲ್ಲವೇ ಇಲ್ಲ. ಬಟ್ಟೆಗೆ ಕಿಡಿ ತಾಗಿದರೆ ನಿಲ್ಲು, ಬೀಳು, ಉರುಳು ಎಂಬುದನ್ನು ಹುಲ್ಲಿನ ಮೇಲೆ ಆಡಿಸಿ ಕಲಿಸಿ.

ಆರಿಸುವಾಗ ನೀರು ಸುರಿದು, ಕೋಲಿನಿಂದ ಕಲಕಿ, ಮತ್ತೆ ಸುರಿಯಿರಿ. ಬೂದಿಯ ಹತ್ತಿರ ಅಂಗೈ ಹಿಡಿದರೆ ಬಿಸಿ ತಾಗಬಾರದು. ಮಣ್ಣು ಮುಚ್ಚಿ ಬಿಡಬೇಡಿ. ಮಣ್ಣಿನ ಕೆಳಗೆ ಕೆಂಡ ರಾತ್ರಿಯಿಡೀ ಬಿಸಿ ಉಳಿಯುತ್ತದೆ, ಬೆಳಿಗ್ಗೆ ಬರಿಗಾಲಲ್ಲಿ ಓಡಿಬರುವ ಮಗುವಿಗೆ ಅದು ಕಾಣುವುದಿಲ್ಲ.

ಸುಟ್ಟರೆ ತಕ್ಷಣ ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಿರಿ. ಐಸ್, ಬೆಣ್ಣೆ, ಟೂತ್‌ಪೇಸ್ಟ್ ಬೇಡ. ಗುಳ್ಳೆ ಒಡೆಯಬೇಡಿ. ಮುಖ, ಕೈ ಸುಟ್ಟಿದ್ದರೆ ಅಥವಾ ಗಾಯ ಮಗುವಿನ ಅಂಗೈಗಿಂತ ದೊಡ್ಡದಿದ್ದರೆ ಆಸ್ಪತ್ರೆಗೆ.

ಹಂತ 10: ರಾತ್ರಿ

ಮನೆಯಲ್ಲಿ ಮಲಗುವ ಮುಂಚೆ ಏನೇನು ಮಾಡುತ್ತೀರೋ ಅದೇ ಕ್ರಮ ಇಲ್ಲೂ ಇರಲಿ. ಹಲ್ಲು, ಟಾಯ್ಲೆಟ್, ಕಥೆ, ಲಾಲಿ.

ಕತ್ತಲ ಭಯಕ್ಕೆ ನಮಗೆ ಕೆಲಸ ಮಾಡಿದ್ದು ಒಂದು ಸಣ್ಣ ಉಪಾಯ. ಮಲಗುವ ಮುಂಚೆ ಎಲ್ಲರೂ ಹೊರಗಿನ ಮೆಟ್ಟಿಲ ಮೇಲೆ ಕೂರುತ್ತೇವೆ. ದೀಪ ಆರಿಸುತ್ತೇವೆ. ಸುಮ್ಮನೆ ಕೇಳುತ್ತೇವೆ. ಒಂದು ಸದ್ದು ಕೇಳಿಸಿದಾಗ ಅದು ಏನಿರಬಹುದು ಎಂದು ಒಬ್ಬೊಬ್ಬರಾಗಿ ಹೇಳುತ್ತೇವೆ. ಕಿರ್ ಅನ್ನುವುದು ಜೀರುಂಡೆ. ಟಪ್ ಅಂದದ್ದು ಮರದಿಂದ ಬಿದ್ದ ಕಾಯಿ. ಸೂರಿನ ಮೇಲೆ ಪರಪರ ಅನ್ನುವುದು ಕೊಂಬೆ ಉಜ್ಜುತ್ತಿರುವುದು. ಆಮೇಲೆ ಹಾಸಿಗೆಯಲ್ಲಿ ಅದೇ ಸದ್ದು ಬಂದಾಗ ಮಗಳು ನಿದ್ದೆಗಣ್ಣಲ್ಲಿ "ಕಾಯಿ ಬಿತ್ತು" ಎಂದು ಪಕ್ಕಕ್ಕೆ ಹೊರಳಿದಳು. ಹೆಸರು ಗೊತ್ತಿರುವ ಸದ್ದಿಗೆ ಮಗು ಹೆದರುವುದಿಲ್ಲ. ಹಾಗೆ ಕೂತಾಗ ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು, ಆಮೇಲೆ ನಕ್ಷತ್ರಗಳು ಒಂದೊಂದಾಗಿ ಜಾಸ್ತಿಯಾಗುತ್ತಾ ಹೋಗುತ್ತವೆ. ಟಾರ್ಚ್‌ಗೆ ಕೆಂಪು ಕಾಗದ ಕಟ್ಟಿದರೆ ಕಣ್ಣು ಕುಕ್ಕುವುದಿಲ್ಲ.

ಒಂದು ವರ್ಷದೊಳಗಿನ ಕೂಸನ್ನು ಅದರದ್ದೇ ಹಾಸಿಗೆಯಲ್ಲಿ ಅಂಗಾತ ಮಲಗಿಸಿ. ಗಟ್ಟಿಯಾದ, ಸಮತಟ್ಟಾದ ಮಡಚುವ ತೊಟ್ಟಿಲು ತನ್ನಿ. ದಿಂಬು, ಸಡಿಲ ಕಂಬಳಿ, ಗೊಂಬೆ ಅದರೊಳಗೆ ಬೇಡ. ಬೆಚ್ಚಗಿದೆಯಾ ಎಂದು ಕೈಕಾಲು ಮುಟ್ಟಿ ನೋಡಬೇಡಿ, ಅವು ತಣ್ಣಗಿರುವುದು ಸಹಜ. ಎದೆ ಅಥವಾ ಕತ್ತಿನ ಹಿಂಭಾಗ ಮುಟ್ಟಿ. ಬೆವರಿದ್ದರೆ ಒಂದು ಬಟ್ಟೆ ತೆಗೆಯಿರಿ.

ಬಾಗಿಲಿನ ಮೇಲಿನ ಚಿಲಕ ಹಾಕಿ, ಟಾಯ್ಲೆಟ್ ದಾರಿಗೆ ಚಿಕ್ಕ ದೀಪ ಬಿಡಿ. ನಿಮ್ಮ ಚಪ್ಪಲಿ, ಟಾರ್ಚ್, ಕಾರಿನ ಕೀ ಒಂದೇ ಕಡೆ ಇಟ್ಟು ಮಲಗಿ. ಬೆಳಿಗ್ಗೆ ಬೂಟು ಹಾಕುವ ಮುಂಚೆ ಕೊಡವಿ.

ಮಳೆ ಬಂದರೆ

ಗುಡುಗು ಕೇಳಿಸಿದರೆ ಎಲ್ಲರೂ ಒಳಗೆ. ಕೊನೆಯ ಗುಡುಗಿನಿಂದ 30 ನಿಮಿಷ ಕಳೆಯುವವರೆಗೆ ಹೊರಗೆ ಬರಬೇಡಿ. ಗುಡುಗಿಲ್ಲದ ಮಳೆಯಾದರೆ ರೇನ್‌ಕೋಟ್, ಗಂಬೂಟು ಹಾಕಿ ಬಿಟ್ಟುಬಿಡಿ. ಮಕ್ಕಳಿಗೆ ಕೊಚ್ಚೆಯಷ್ಟು ಪ್ರೀತಿಯ ಆಟದ ಜಾಗ ಬೇರೆ ಇಲ್ಲ. ತುಟಿ ನೀಲಿಯಾಗುವ, ನಡುಗುವ ಮುಂಚೆ ಒಳಗೆ ಕರೆದು ಒಣ ಬಟ್ಟೆ ಹಾಕಿ ಬಿಸಿಯಾಗಿ ಏನಾದರೂ ಕುಡಿಸಿ. ಒದ್ದೆ ಬಟ್ಟೆ ಒಣಗಿಸಲು ಐದು ಮೀಟರ್ ಹಗ್ಗ, ಹತ್ತು ಕ್ಲಿಪ್ ಮೊದಲೇ ಬ್ಯಾಗಿನಲ್ಲಿರಲಿ. ಒಲೆಯ ತೀರ ಹತ್ತಿರ ನೇತುಹಾಕಬೇಡಿ.

ಹಂತ 11: ವಾಪಸ್

ಕೊನೆಯ ದಿನ ಬೇರೆ ಏನೂ ಇಟ್ಟುಕೊಳ್ಳಬೇಡಿ. ಹಿಂದಿನ ರಾತ್ರಿಯೇ ಮುಕ್ಕಾಲು ಕಟ್ಟಿಡಿ. ಒಬ್ಬರು ಕಟ್ಟುವಾಗ ಇನ್ನೊಬ್ಬರು ಮಕ್ಕಳನ್ನು ರಿಬ್ಬನ್ ಬಿಚ್ಚಲು ಕರೆದುಕೊಂಡು ಹೋಗಲಿ. ಹೊರಡುವ ಮುಂಚೆ ಮಂಚದ ಕೆಳಗೆ, ಹೊದಿಕೆಯ ಮಡಿಕೆಯಲ್ಲಿ ಎರಡು ಸಲ ನೋಡಿ. ನಮ್ಮ ಮೊಲದ ಗೊಂಬೆ ಒಮ್ಮೆ ಹಾಗೆ ಉಳಿದುಹೋಗಿ, ಮುಕ್ಕಾಲು ಗಂಟೆ ಬಂದ ದಾರಿಯನ್ನು ಮತ್ತೆ ತಿರುಗಿ ಹೋಗಿ ತಂದೆವು. ಹೋಗದೆ ಬೇರೆ ದಾರಿ ಇರಲಿಲ್ಲ.

ಮನೆಗೆ ಬಂದ ರಾತ್ರಿಯೇ, ಮಕ್ಕಳು ಮಲಗಿದ ಮೇಲೆ, ಒಯ್ದ ಸಾಮಾನಿನ ಪಟ್ಟಿ ತೆಗೆದುಕೊಂಡು ಕೂರಿ. ಮುಟ್ಟದೆ ವಾಪಸ್ ತಂದ ಸಾಮಾನಿಗೆ ಅಡ್ಡಗೆರೆ ಎಳೆಯಿರಿ, ಬೇಕಿತ್ತು ಅನಿಸಿದ್ದನ್ನು ಸೇರಿಸಿ. ಎರಡು ದಿನ ಕಳೆದರೆ ಮರೆತುಹೋಗುತ್ತದೆ. ಟಾರ್ಚ್‌ಗಳ ಬ್ಯಾಟರಿ ತೆಗೆದು ಬೇರೆ ಇಡಿ, ಔಷಧಿ ಡಬ್ಬದಲ್ಲಿ ಖಾಲಿಯಾದದ್ದನ್ನು ತುಂಬಿಸಿ, ಸ್ಲೀಪಿಂಗ್ ಬ್ಯಾಗ್ ಪೂರ್ತಿ ಬಿಚ್ಚಿ ಗಾಳಿಗೆ ಹರವಿ. ಮಕ್ಕಳ ಜೇಬು ನೋಡದೆ ಬಟ್ಟೆಗಳನ್ನು ವಾಷಿಂಗ್ ಮೆಷಿನ್‌ಗೆ ಹಾಕಬೇಡಿ. ಅದರಲ್ಲಿ ಕಲ್ಲು ಇರುತ್ತದೆ. ಕಿಟಕಿ ಕಟ್ಟೆಯ ಮೇಲೆ ಅದಕ್ಕೊಂದು ಜಾಗ ಮಾಡಿಕೊಡಿ.